ಪುಟ್ಟ ಟ್ರೇಲರಿನ ಬಚ್ಚಲ ನೀರು: ವಾಟ ಮೊದಲು, ಪೈಪು ಆಮೇಲೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹಳೆಯ ಪುಟ್ಟ ಟ್ರೇಲರ್ ಕೊಂಡು ಊರೂರು ಸುತ್ತುವ ಕನ್ನಡಿಗರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತು. ಆದರೆ ಅದರಲ್ಲಿದ್ದ ಒಂದು ಸಲಹೆಗೆ ತಿದ್ದುಪಡಿ ಬೇಕು. ‘ಸಿಂಕ್ ಮತ್ತು ಸ್ನಾನದ ನೀರಿಗೆ ಬೇರೆ ಟ್ಯಾಂಕ್ ಇಲ್ಲದಿದ್ದರೆ ಒಂದು ಟೀ (ಇಂಗ್ಲಿಷಿನ T ಆಕಾರದ ಕವಲು ಪೈಪು) ಹಾಕಿ ಶೌಚದ ಟ್ಯಾಂಕಿನ ಪೈಪಿಗೆ ಸೇರಿಸಿಬಿಡಿ, ಕೊನೆಯಲ್ಲಿ ಒಂದು ವಾಲ್ವ್ ಇದ್ದರೆ ಸಾಕು’ ಎಂದು ಬರೆದಿದ್ದೀರಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಕಾರಣ ಸರಳ. ಟ್ರೇಲರಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿ ಬಾಯಿ ತೆರೆದುಕೊಂಡಿರುವುದು ಬಚ್ಚಲ ತಟ್ಟೆ. ಕಮೋಡಿನ ಬಾಯಿ ಅದಕ್ಕಿಂತ ಒಂದೂವರೆ ಅಡಿ ಮೇಲಿರುತ್ತದೆ. ಎರಡನ್ನೂ ಒಂದೇ ಪೈಪಿಗೆ ಸೇರಿಸಿ ಕೊನೆಯ ವಾಲ್ವ್ ಮುಚ್ಚಿದರೆ, ಶೌಚದ ಟ್ಯಾಂಕ್ ತುಂಬುತ್ತಾ ಬಂದಂತೆ ಒಳಗಿನದ್ದು ತನ್ನ ಮಟ್ಟ ಹುಡುಕಿಕೊಂಡು ಬಚ್ಚಲ ಜಾಲರಿಯಲ್ಲಿ ಮೇಲೇಳುತ್ತದೆ. ಕಮೋಡ್ ನೋಡಿದರೆ ಟ್ಯಾಂಕ್ ಇನ್ನೂ ಅರ್ಧ ಖಾಲಿ ಅನ್ನಿಸುತ್ತಿರುತ್ತದೆ, ಅಷ್ಟರಲ್ಲಿ ಬಚ್ಚಲಲ್ಲಿ ಕಾಲಿಡುವ ಹಾಗಿರುವುದಿಲ್ಲ. ಹಾಗಾಗಿ ಕಪ್ಪು ನೀರಿಗೊಂದು (ಶೌಚದ್ದು), ಬೂದು ನೀರಿಗೊಂದು (ಸಿಂಕ್, ಸ್ನಾನದ್ದು), ಎರಡು ವಾಲ್ವ್ ಬೇಕೇ ಬೇಕು. ಎರಡೂ ಪೈಪುಗಳು ಕೂಡುವ ಜಾಗಕ್ಕಿಂತ ಮುಂಚೆಯೇ, ಆಯಾ ಟ್ಯಾಂಕಿನ ಪಕ್ಕದಲ್ಲೇ ಅವು ಇರಬೇಕು.

ಲೇಖನದಲ್ಲಿ ಹೆಸರಿಸಿದ ಬೋಲರ್, ಸ್ಕ್ಯಾಂಪ್ ಮಾದರಿಯ 13 ಅಡಿಯ ಫೈಬರ್‌ಗ್ಲಾಸ್ ಟ್ರೇಲರುಗಳನ್ನೇ ತೆಗೆದುಕೊಳ್ಳೋಣ. ಬೋಲರ್ ಹುಟ್ಟಿದ್ದು 1968ರಲ್ಲಿ, ಕೆನಡಾದ ವಿನಿಪೆಗ್‌ನಲ್ಲಿ. ಅದನ್ನು ರೂಪಿಸಿದ ರೇ ಒಲೆಕೊ ಅದಕ್ಕೂ ಮೊದಲು ಫೈಬರ್‌ಗ್ಲಾಸ್ ಸೆಪ್ಟಿಕ್ ಟ್ಯಾಂಕ್ ಮಾಡಿದ್ದವರು. ಆದರೂ ಆ ಕಾಲದ ಪುಟ್ಟ ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ಬೂದು ನೀರಿನ ಟ್ಯಾಂಕೇ ಇರಲಿಲ್ಲ. ಸಿಂಕಿನ ಮುಸುರೆ ನೀರು ಒಂದು ಪೈಪಿನಲ್ಲಿ ಪಕ್ಕದ ಗೋಡೆಯಿಂದ ಹೊರಬಂದು ನೆಲಕ್ಕೋ ಬಕೆಟ್ಟಿಗೋ ಬೀಳುತ್ತಿತ್ತು. ಈಗ ಅದು ನಡೆಯುವುದಿಲ್ಲ. ಟ್ರೇಲರಿನ ಕೊಳಕು ನೀರನ್ನು ಅದಕ್ಕೆಂದೇ ಇರುವ ಜಾಗ ಬಿಟ್ಟು ಬೇರೆಲ್ಲೂ ಬಿಡಬಾರದು ಎಂದು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿಯಮವಿದೆ. ಖಾಸಗಿ ಕ್ಯಾಂಪುಗಳವರೂ ಬಿಡುವುದಿಲ್ಲ. ಆದ್ದರಿಂದ ಟ್ಯಾಂಕ್ ಸೇರಿಸಲೇಬೇಕು. ಕಷ್ಟವಿರುವುದು ಅದಕ್ಕೆ ಎತ್ತರ ಹೊಂದಿಸುವುದರಲ್ಲಿ.

ಗಾರೆಯವರು ಬಚ್ಚಲಿಗೆ ವಾಟ ಕೊಟ್ಟ ಹಾಗೆ ಇಲ್ಲೂ ವಾಟದ ಲೆಕ್ಕ ಮೊದಲು. ಒಂದೂವರೆ ಇಂಚಿನ ಪೈಪಿಗೆ ಅಡಿಗೆ ಕಾಲು ಇಂಚು ಇಳಿಜಾರು ಬೇಕು. ಬಚ್ಚಲಿನಿಂದ ಟ್ಯಾಂಕಿಗೆ 4 ಅಡಿ ದೂರವಿದ್ದರೆ 1 ಇಂಚು ಅಲ್ಲಿಗೆ ಹೋಯಿತು. ಸಾಮಾನ್ಯ ಪಿ-ಟ್ರ್ಯಾಪ್ (ವಾಸನೆ ತಡೆಯಲು ಒಂದಿಷ್ಟು ನೀರು ಹಿಡಿದಿಟ್ಟುಕೊಳ್ಳುವ ಬಾಗಿದ ಪೈಪು) ಕೂರಿಸಿದರೆ ಇನ್ನು ನಾಲ್ಕೂವರೆ ಇಂಚು. ಟ್ಯಾಂಕಿನ ಎತ್ತರ 6 ಇಂಚು, ಹೊರಹರಿವಿನ ವಾಟಕ್ಕೆ 1 ಇಂಚು. ಒಟ್ಟು ಹನ್ನೆರಡೂವರೆ. ಬಚ್ಚಲ ತಟ್ಟೆಯ ತಳ ರಸ್ತೆಯಿಂದ 18 ಇಂಚು ಮೇಲಿದ್ದರೆ ಕೆಳಗೆ ಉಳಿಯುವುದು ಐದೂವರೆ ಇಂಚು ಮಾತ್ರ. ಪೆಟ್ರೋಲ್ ಬಂಕಿನ ಇಳಿಜಾರು ಹತ್ತುವಾಗ ಟ್ರೇಲರಿನ ಹಿಂಭಾಗ ತಗ್ಗುತ್ತದಲ್ಲ, ಆಗ ವಾಲ್ವ್ ನೆಲಕ್ಕೆ ಉಜ್ಜಿ ಮುರಿಯುವುದು ಖಚಿತ. ಪೈಪು ಕೊಳ್ಳುವ ಮೊದಲು ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳಿ.

ಎತ್ತರ ಸಾಲದಿದ್ದರೆ ಮೊದಲು ಕೈ ಹಾಕಬೇಕಾದದ್ದು ಟ್ರ್ಯಾಪಿಗೆ. ಪಿ-ಟ್ರ್ಯಾಪ್ ಬದಲು ಹೆಪ್ವೊ ಎಂಬ ನೀರಿಲ್ಲದ ವಾಲ್ವ್ ಸಿಗುತ್ತದೆ. ಒಳಗೆ ರಬ್ಬರಿನಂಥ ಮೆತ್ತನೆಯ ತೆಳು ನಳಿಕೆ ಇದೆ. ನೀರು ಬಂದಾಗ ಬಾಯಿ ಬಿಡುತ್ತದೆ, ನಿಂತಾಗ ತುಟಿ ಕಚ್ಚಿಕೊಂಡು ವಾಸನೆ ತಡೆಯುತ್ತದೆ. ಪೈಪಿನ ಸಾಲಿನಲ್ಲೇ ಅಡ್ಡಡ್ಡ ಕೂರುವುದರಿಂದ ಸುಮಾರು 3 ಇಂಚು ಉಳಿತಾಯ. ಗಾಡಿಯ ಕುಲುಕಾಟಕ್ಕೆ ಟ್ರ್ಯಾಪಿನ ನೀರು ಚೆಲ್ಲಿಹೋಗುವ, ಚಳಿಗೆ ಅದು ಹೆಪ್ಪುಗಟ್ಟಿ ಟ್ರ್ಯಾಪ್ ಒಡೆಯುವ ರಗಳೆಯೂ ತಪ್ಪುತ್ತದೆ. ಆದರೆ ತಲೆಕೂದಲು, ಅನ್ನದ ಅಗುಳು ಆ ತುಟಿಗಳ ನಡುವೆ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚದೆ ವಾಸನೆ ಬರುತ್ತದೆ. ಜಾಲರಿ ಹಾಕಿ, ಬಿಚ್ಚಿ ತೊಳೆಯಲು ಬರುವ ಹಾಗೆ ಎರಡೂ ಕಡೆ ಕೈಯಲ್ಲಿ ತಿರುಗಿಸುವ ನಟ್ ಇಟ್ಟುಕೊಳ್ಳಿ. ಇಷ್ಟಾದರೂ ಎತ್ತರ ಸಾಲದಿದ್ದರೆ ಬಚ್ಚಲ ತಟ್ಟೆಯನ್ನೇ ಕಟ್ಟಿಗೆಯ ಚೌಕಟ್ಟಿನ ಮೇಲೆ ಎರಡು-ಮೂರು ಇಂಚು ಎತ್ತರಿಸಬೇಕು. ವಾಟದಲ್ಲಿ ಮಾತ್ರ ಕಳ್ಳತನ ಬೇಡ. ಮಟ್ಟಸವಾಗಿ ಮಲಗಿಸಿದ ಪೈಪಿನಲ್ಲಿ ಸೋಪಿನ ಜಿಡ್ಡು ಕೂತು ದಿನೇ ದಿನೇ ಬಾಯಿ ಕಿರಿದಾಗುತ್ತದೆ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು? ಅಮೆರಿಕದ ಒಂದು ಗ್ಯಾಲನ್ ಎಂದರೆ 231 ಘನ ಇಂಚು, ಅಂದರೆ ಸುಮಾರು 3.8 ಲೀಟರ್. 24 ಇಂಚು ಉದ್ದ, 16 ಅಗಲ, 6 ಎತ್ತರದ ಟ್ಯಾಂಕಿನಲ್ಲಿ 10 ಗ್ಯಾಲನ್ ಹಿಡಿಯುತ್ತದೆ. ತುಂಬಿದಾಗ ನೀರಿನ ತೂಕವೇ 83 ಪೌಂಡ್, ಹತ್ತಿರ ಹತ್ತಿರ 38 ಕಿಲೋ. ಈ ತೂಕವನ್ನು ಎಲ್ಲಿ ನೇತುಹಾಕುತ್ತೀರಿ ಎಂಬುದನ್ನು ನಿಮ್ಮ ಲೇಖನ ಮುಟ್ಟಿಯೇ ಇಲ್ಲ. ಹಿಂದಿನ ಬಂಪರ್ ಹತ್ತಿರ ಜಾಗ ಖಾಲಿ ಕಾಣುತ್ತದೆ, ಎಲ್ಲರೂ ಅಲ್ಲೇ ಹಾಕಲು ಹೊರಡುತ್ತಾರೆ. 1,500 ಪೌಂಡಿನ ಟ್ರೇಲರಿನಲ್ಲಿ ಕಾರಿನ ಕೊಕ್ಕೆಯ ಮೇಲೆ 150 ಪೌಂಡ್ ಭಾರವಿದೆ ಎನ್ನೋಣ. ಆಕ್ಸಲಿನಿಂದ 4 ಅಡಿ ಹಿಂದೆ ಈ ಟ್ಯಾಂಕ್ ಬಂದರೆ, ಕೊಕ್ಕೆಯಿಂದ ಆಕ್ಸಲಿಗೆ 8 ಅಡಿ ಇರುವಾಗ, ಕೊಕ್ಕೆಯ ಭಾರದಲ್ಲಿ ಸುಮಾರು 41 ಪೌಂಡ್ ಕಡಿಮೆಯಾಗುತ್ತದೆ. ಉಳಿಯುವುದು ಒಟ್ಟು ತೂಕದ ಶೇ 7ಕ್ಕಿಂತ ಕಡಿಮೆ. ಇರಬೇಕಾದದ್ದು ಶೇ 10ರಿಂದ 15. ಕೊಕ್ಕೆ ಹಗುರವಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಕಾರನ್ನೂ ಎಳೆದಾಡುತ್ತದೆ. ಟ್ಯಾಂಕ್ ಆಕ್ಸಲಿನ ಮೇಲೋ, ಸ್ವಲ್ಪ ಮುಂದೆಯೋ ಇರಲಿ. ಅದನ್ನು ಫೈಬರ್‌ಗ್ಲಾಸ್ ನೆಲಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಬಾರದು. ಆಂಗಲ್ ಕಬ್ಬಿಣದ ತೊಟ್ಟಿಲು ಮಾಡಿ ಚಾಸಿಗೇ ಬೋಲ್ಟ್ ಹಾಕಬೇಕು.

ಟ್ಯಾಂಕ್ ಯಾವುದರದ್ದು ಎಂಬುದರ ಮೇಲೆ ಜೋಡಣೆಯ ಬಗೆ ನಿಲ್ಲುತ್ತದೆ. ಕಪ್ಪಗೆ, ಗಟ್ಟಿಯಾಗಿ, ಬೆರಳಲ್ಲಿ ತಟ್ಟಿದರೆ ಟಣ್ ಎನ್ನುವ ಎಬಿಎಸ್ ಪ್ಲಾಸ್ಟಿಕ್ಕಿನ ಟ್ಯಾಂಕಿಗೆ ಎಬಿಎಸ್ ಸಲ್ಯೂಷನ್ (ಪೈಪಿನ ಅಂಟು) ಹಾಕಿ ಫಿಟಿಂಗ್ ಅಂಟಿಸಬಹುದು. ಹಾಲುಬಿಳುಪಿನ, ಮುಟ್ಟಿದರೆ ಮೇಣದಂತಿರುವ ಪಾಲಿಎಥಿಲೀನ್ ಟ್ಯಾಂಕಿಗೆ ಯಾವ ಸಲ್ಯೂಷನ್ನೂ ಹಿಡಿಯುವುದಿಲ್ಲ. ಹಚ್ಚಿದ ದಿನ ಹಿಡಿದ ಹಾಗೆ ಕಂಡು, ನಾಲ್ಕು ಗುಂಡಿ ಹಾರುವಷ್ಟರಲ್ಲಿ ಸಿಪ್ಪೆಯಂತೆ ಎದ್ದು ಬರುತ್ತದೆ. ಅದಕ್ಕೆ ಯೂನಿಸೀಲ್ ಎಂಬ ರಬ್ಬರ್ ಬಳೆ ಬೇಕು. ಒಂದೂವರೆ ಇಂಚಿನ ಪೈಪಿಗೆ ಎರಡೂವರೆ ಇಂಚಿನ ಹೋಲ್ ಸಾ ಹಿಡಿದು ತೂತು ಕೊರೆಯಿರಿ, ಅಂಚಿನ ಚೂರುಗಳನ್ನು ಬ್ಲೇಡಿನಲ್ಲಿ ಹೆರೆಯಿರಿ, ಬಳೆ ಕೂರಿಸಿ. ಪೈಪಿನ ತುದಿಯನ್ನು ಅರದಿಂದ ಇಳಿಜಾರಾಗಿ ಉಜ್ಜಿ, ಸೋಪುನೀರು ಸವರಿ ಒತ್ತಿ. ಈ ಬಳೆ ಚಪ್ಪಟೆ ಜಾಗದಲ್ಲಾಗಲಿ, ಒಂದೇ ಸಮ ಬಾಗಿದ ಮೈಯಲ್ಲಾಗಲಿ ಹಿಡಿಯುತ್ತದೆ. ಟ್ಯಾಂಕಿನ ಮೂಲೆಯ ತಿರುವಿನಲ್ಲಿ ಹಿಡಿಯುವುದಿಲ್ಲ.

ಗಾಳಿಕೊಳವೆಯನ್ನು ಮರೆಯುವವರೇ ಹೆಚ್ಚು. ಟ್ಯಾಂಕಿಗೆ ನೀರು ಇಳಿಯುವಾಗ ಒಳಗಿನ ಗಾಳಿ ಹೊರಗೆ ಹೋಗಬೇಕು, ಖಾಲಿ ಮಾಡುವಾಗ ಹೊರಗಿನ ಗಾಳಿ ಒಳಗೆ ಬರಬೇಕು. ಸಿಂಕಿನ ಕೆಳಗೆ ಹಾಕುವ ಸಣ್ಣ ಏರ್ ವಾಲ್ವ್ ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಅದೊಂದನ್ನೇ ನಂಬಿದರೆ ನೀರು ಗುಳುಗುಳು ಎನ್ನುತ್ತಾ ನಿಧಾನಕ್ಕೆ ಇಳಿದು, ಟ್ಯಾಂಕಿನ ಗಾಳಿ ಬಚ್ಚಲ ಜಾಲರಿಯಲ್ಲಿ ನುಗ್ಗುತ್ತದೆ. ಟ್ಯಾಂಕಿನ ನೆತ್ತಿಯಿಂದ ಛಾವಣಿಯವರೆಗೆ ಒಂದೂವರೆ ಇಂಚಿನ ಕೊಳವೆ ಹೋಗಲೇಬೇಕು. ಬಟ್ಟೆಬರೆ ಇಡುವ ಬೀರುವಿನ ಮೂಲೆಯಲ್ಲಿ ಅದು ಹಾದುಹೋದರೆ ಕಣ್ಣಿಗೂ ಬೀಳುವುದಿಲ್ಲ. ಕೊಳವೆಯ ತುದಿ ಟ್ಯಾಂಕಿನ ಒಳಗೆ ಇಳಿಬಿದ್ದಿರಬಾರದು. ಎರಡು ಇಂಚು ಇಳಿದಿದ್ದರೂ ಟ್ಯಾಂಕ್ ಮುಕ್ಕಾಲು ತುಂಬುವಷ್ಟರಲ್ಲಿ ಅದರ ಬಾಯಿ ಮುಳುಗಿ ಗಾಳಿ ಕಟ್ಟುತ್ತದೆ. ‘ಟ್ಯಾಂಕ್ ಖಾಲಿಯಿದ್ದಾಗ ವಾಸನೆಯಿಲ್ಲ, ತುಂಬಿದಾಗ ಮಾತ್ರ ಇದೆ’ ಎಂಬ ದೂರಿದ್ದರೆ ಮೊದಲು ಇಲ್ಲೇ ನೋಡಿ.

ಇನ್ನು ಎರಡು ಪೈಪುಗಳ ಸಂಗಮ. ಶೌಚದ್ದು 3 ಇಂಚು, ಬೂದು ನೀರಿನದ್ದು ಒಂದೂವರೆ ಇಂಚು. ಇವು ಕೂಡುವಲ್ಲಿ ಟೀ ಬೇಡ, ವೈ (Y ಆಕಾರದ ಕವಲು) ಹಾಕಿ. ನೀರು ಹರಿಯುವ ದಿಕ್ಕಿಗೇ ಕವಲು ಬಾಗಿರಲಿ. ಕವಲನ್ನು ಚಪ್ಪಟೆಯಾಗಿ ಮಲಗಿಸದೆ ಸ್ವಲ್ಪ ಮೇಲಕ್ಕೆ ತಿರುಗಿಸಿ, ಬೂದು ನೀರು ಮೇಲಿನಿಂದ ಬಂದು ಬೀಳುವಂತಿರಬೇಕು. ಮಲಗಿಸಿದರೆ ಕಪ್ಪು ಟ್ಯಾಂಕ್ ಬಿಟ್ಟಾಗಲೆಲ್ಲ ಒಂದಿಷ್ಟು ಹಿಮ್ಮುಖವಾಗಿ ಹರಿದು ಬೂದು ವಾಲ್ವಿನ ಬಾಗಿಲಲ್ಲಿ ಕೂತು ಒಣಗುತ್ತದೆ.

ವಾಲ್ವ್ ಜೋಡಿಸುವಾಗ ಅವಸರ ಮಾಡಿದರೆ ಕೆಲಸ ಎರಡು ಸಲ ಮಾಡಬೇಕಾಗುತ್ತದೆ. ಅಲಗಿನ ವಾಲ್ವಿನ (ಒಳಗಿನ ತೆಳು ಹಲಗೆ ಜಾರಿ ತೆರೆದು ಮುಚ್ಚುವಂಥದ್ದು) ಎರಡೂ ಬದಿಗೆ ಒಂದೊಂದು ರಬ್ಬರ್ ಸೀಲ್, ಹೊರಗೆ ಪೈಪು ಕೂರುವ ಒಂದೊಂದು ಅಗಲ ಅಂಚಿನ ಫ್ಲಾಂಜ್, ನಾಲ್ಕು ಬೋಲ್ಟ್. ಸೀಲಿನ ಹಿಂಬದಿಯ ತೋಡು ಫ್ಲಾಂಜಿನ ಏಣಿನ ಮೇಲೆ ಸುತ್ತಲೂ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಅಲಗನ್ನು ಮುಚ್ಚಿದ ಸ್ಥಿತಿಯಲ್ಲಿಟ್ಟು, ಎರಡು ಫ್ಲಾಂಜುಗಳನ್ನು ಬೆಣೆಯ ಹಾಗೆ ಅಗಲಿಸಿ, ನಡುವೆ ವಾಲ್ವನ್ನು ಜಾರಿಸಿ. ಈ ಜಾರುವ ಹೊತ್ತಲ್ಲೇ ಸೀಲ್ ಮಡಚಿಕೊಳ್ಳುವುದು, ಹೊರಗೆ ಕಾಣುವುದೇ ಇಲ್ಲ. ಬೋಲ್ಟುಗಳನ್ನು ಎದುರುಬದಿರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಜೋರಾಗಿ ಬಿಗಿದರೆ ಪ್ಲಾಸ್ಟಿಕ್ ಮೈ ಸೊಟ್ಟಗಾಗಿ ಅಲಗು ಕಚ್ಚಿಕೊಳ್ಳುತ್ತದೆ. ಜಾರಲೆಂದು ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಅಂಟಿಸುವ ಮುನ್ನ ಎಲ್ಲವನ್ನೂ ಸಲ್ಯೂಷನ್ ಹಚ್ಚದೆ ಒಮ್ಮೆ ಜೋಡಿಸಿ, ಪೈಪಿನಿಂದ ಫಿಟಿಂಗಿಗೆ ಅಡ್ಡವಾಗಿ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಸಲ್ಯೂಷನ್ ಇಲ್ಲದಾಗ ಪೈಪು ಸಾಕೆಟಿನ (ಫಿಟಿಂಗಿನ ಬಾಯಿಯ) ತಳ ಮುಟ್ಟದೇ ಇರಬಹುದು. ಸಲ್ಯೂಷನ್ ಹಚ್ಚಿದ ಮೇಲೆ ಪೂರ್ತಿ ಒಳಗೆ ಜಾರುತ್ತದೆ, ಲೆಕ್ಕ ಹಾಕಿ ಕತ್ತರಿಸಿದ ಉದ್ದ ಗಿಡ್ಡವಾಗಿ ವಾಲ್ವ್ ಪಕ್ಕಕ್ಕೆ ಎಳೆಯುತ್ತದೆ. ಆದ್ದರಿಂದ ಸಾಕೆಟಿನ ಆಳ ಅಳೆದೇ ಕತ್ತರಿಸಿ. ಎರಡೂ ಮೈಗೆ ಸಲ್ಯೂಷನ್ ಹಚ್ಚಿ, ಒತ್ತಿ, ಕಾಲು ಸುತ್ತು ತಿರುಗಿಸಿ, 30 ಸೆಕೆಂಡು ಬಿಡದೆ ಹಿಡಿಯಿರಿ. ತೂಗಾಡುವ ಪೈಪಿಗೆ 4 ಅಡಿಗೊಂದು ಕ್ಲಾಂಪ್ ಬೇಕು. ತೂತುಗಳಿರುವ ತಗಡಿನ ಪಟ್ಟಿ ಬಳಸುವುದಾದರೆ ನಡುವೆ ರಬ್ಬರ್ ಕೊಡಿ, ಇಲ್ಲದಿದ್ದರೆ ಕುಲುಕಾಟಕ್ಕೆ ಅದು ಪೈಪನ್ನು ಗರಗಸದಂತೆ ಕೊಯ್ಯುತ್ತದೆ. ಒಂದು ದಿನ ಬಿಟ್ಟು, ವಾಲ್ವ್ ಮುಚ್ಚಿ, ಬಚ್ಚಲ ಜಾಲರಿಯಲ್ಲಿ ನೀರು ಕಾಣುವವರೆಗೆ ತುಂಬಿ, ಅರ್ಧ ಗಂಟೆಯ ನಂತರ ಪ್ರತಿ ಜೋಡಣೆಯ ಅಡಿಗೂ ಟಿಶ್ಯೂ ಕಾಗದ ಒತ್ತಿ ನೋಡಿ.

ಬಳಕೆಯಲ್ಲಿ ಮೊದಲು ಕಪ್ಪು, ಆಮೇಲೆ ಬೂದು ಬಿಡಬೇಕು. ಸೋಪುನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಹಿಮ ಬೀಳುವ ಕಡೆ ಚಳಿಗಾಲಕ್ಕೆ ಮುಂಚೆ ಟ್ಯಾಂಕುಗಳನ್ನು ಬರಿದು ಮಾಡಿ, ಪಿ-ಟ್ರ್ಯಾಪ್ ಇದ್ದರೆ ಅದಕ್ಕೆ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವ ಒಂದೆರಡು ಲೋಟ ಹಾಕಿ. ಕಾರಿನ ರೇಡಿಯೇಟರಿನ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡ.

ಕೊನೆಯದಾಗಿ, ವ್ಯಾನು, ಪಿಕಪ್ಪುಗಳ ಮೇಲೆ ಕ್ಯಾಂಪರ್ ಕಟ್ಟಿಸಿಕೊಳ್ಳುತ್ತಿರುವ ಕರ್ನಾಟಕದ ಓದುಗರಿಗೆ ಒಂದು ಮಾತು. ಅಮೆರಿಕದ 3 ಇಂಚಿನ ವಾಲ್ವ್ ತರಿಸಿಕೊಂಡರೆ ಅದು ನಮ್ಮಲ್ಲಿ ಮನೆಗಳ ಶೌಚಕ್ಕೆ ಹಾಕುವ 75 ಅಥವಾ 110 ಮಿ.ಮೀ. ಎಸ್‌ಡಬ್ಲ್ಯುಆರ್ ಪೈಪಿಗೆ ಕೂರುವುದಿಲ್ಲ. ಅದಕ್ಕೆ ಬೇಕಾದ ಹೊರ ಅಳತೆ 88.9 ಮಿ.ಮೀ. ಇಂಚಿನ ಲೆಕ್ಕದಲ್ಲಿ ಮಾರುವ 3 ಇಂಚಿನ ಶೆಡ್ಯೂಲ್ 40 (ಗೋಡೆಯ ದಪ್ಪದ ಒಂದು ದರ್ಜೆ) ಯುಪಿವಿಸಿ ಪೈಪಿನ ಹೊರ ಅಳತೆ ಅದೇ. ಒಂದೂವರೆ ಇಂಚಿನದ್ದು 48.3. ವಾಲ್ವಿನ ಬಾಯಿ ಎಬಿಎಸ್ ಆಗಿದ್ದರೆ ಪಿವಿಸಿ ಸಲ್ಯೂಷನ್ ನಂಬದೆ, ಎರಡು ಕಡೆ ಕ್ಲಿಪ್ ಇರುವ ರಬ್ಬರ್ ಕಪ್ಲಿಂಗ್ ಹಾಕಿ. ಬೂದು ನೀರಿಗಾದರೆ ಇಷ್ಟೆಲ್ಲ ತರಿಸುವ ಅಗತ್ಯವೇ ಇಲ್ಲ, ಇಲ್ಲಿಯದೇ ಒಂದೂವರೆ ಇಂಚಿನ ಪಿವಿಸಿ ಬಾಲ್ ವಾಲ್ವ್ ಸಾಕು. ಅಂಗಡಿಗೆ ಹೋಗುವಾಗ ಅಳತೆ ಬರೆದುಕೊಂಡು ಹೋಗುವುದಕ್ಕಿಂತ ವಾಲ್ವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಪೈಪಿನ ತುಂಡು ತೂರಿಸಿ ನೋಡಿ ಕೊಳ್ಳಿ.

ಇತಿ,
ನಿಮ್ಮ ಓದುಗ
ಮಿನ್ನೆಸೋಟ, ಅಮೆರಿಕ