ಊಟಕ್ಕೆ ಮುಂಚಿನ ಇಪ್ಪತ್ತು ನಿಮಿಷ

ಯಾವ ದೇಶದ ಕನ್ನಡ ಸಂಘದ್ದೇ ಆಗಲಿ, ರಾಜ್ಯೋತ್ಸವದ ಕಾರ್ಯಕ್ರಮಪಟ್ಟಿ ತೆಗೆದು ನೋಡಿ. ಎರಡು ಸಮೂಹನೃತ್ಯಗಳ ನಡುವೆ ಎಲ್ಲೋ ‘ಕಿರುನಾಟಕ – 15 ನಿಮಿಷ’ ಎಂದಿರುತ್ತದೆ. ಬರೆದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಮೈಕು ಒಂದೆರಡು ಸಲ ಕೀರಲು ಕೂಗಿ, ಹತ್ತು ಜೋಕು ಆಗಿ, ಪರದೆ ಬಿದ್ದರೆ ಅಲ್ಲಿಗೆ ಮುಗಿಯಿತು. ಈ ಡಿಸೆಂಬರಿನಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆ ಹೊರಟಿದ್ದಾರೆ. ಅಲ್ಲಿ ನಾಟಕದ ಕಾಲ ಅದೇ. ಹೋದವರು ಒಂದೆರಡು ಹೊಸ ಕಿರುನಾಟಕ ನೋಡಿ ಬರಲಿ, ಆದರೆ ನೋಡುವಾಗ ಏನನ್ನು ನೋಡಬೇಕು ಎಂಬುದು ಈ ಸಲದ ಮಾತು.

ಕಿರುನಾಟಕ ಎಂದರೆ ದೊಡ್ಡ ನಾಟಕದ ತುಂಡಲ್ಲ. ಕೈಲಾಸಂ ಕಾಲದಿಂದ ಏಕಾಂಕಗಳು ನಮಗೆ ಹೊಸತೂ ಅಲ್ಲ. ಕುಪ್ಪಳಿಯ ಕುವೆಂಪು ‘ಜಲಗಾರ’ದಲ್ಲಿ ಬೀದಿ ಗುಡಿಸುವವನೊಬ್ಬನನ್ನು ನಡುವೆ ನಿಲ್ಲಿಸಿ, ಶಿವನನ್ನೇ ಅವನ ಬಳಿಗೆ ಕರೆಸಿದ್ದು ಒಂದು ಸಣ್ಣ ನಾಟಕದ ಅಳತೆಯಲ್ಲೇ. ದೊಡ್ಡ ನಾಟಕಕ್ಕೆ ಮನೆ, ಮನೆತನ, ಊರು ಪರಿಚಯಿಸಲು ಅರ್ಧ ಗಂಟೆ ಸಿಗುತ್ತದೆ. ಕಿರುನಾಟಕದಲ್ಲಿ ಬೆಳಕು ಬರುವ ಹೊತ್ತಿಗೆ ಜಗಳ ಆಗಲೇ ಅರ್ಧ ಆಗಿರಬೇಕು. ಆದ್ದರಿಂದ ಮೊದಲ ಎರಡು ನಿಮಿಷದಲ್ಲೇ ನಾಟಕಕಾರರ ಕೈ ತಿಳಿದುಬಿಡುತ್ತದೆ: ನಮಗೆ ಬೇಕಾದ ಸುದ್ದಿಯನ್ನು ಅವರು ಯಾರ ಬಾಯಿಂದ, ಯಾವ ನೆಪದಲ್ಲಿ ಹೇಳಿಸುತ್ತಾರೆ?

ಶರಾವತಿ ಮುಳುಗಡೆಯ ಮೇಲೊಂದು ನಾಟಕ ಎಂದಿಟ್ಟುಕೊಳ್ಳಿ. ತಂಗಿ ಬಂದು, “ಅಣ್ಣಾ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ನಮ್ಮಪ್ಪ ಮನೆ ತೋಟ ಎಲ್ಲ ಬಿಟ್ಟು ಬಂದರಲ್ಲವೇ?” ಎಂದರೆ ಆ ಮಾತು ಅಣ್ಣನಿಗಲ್ಲ, ಮೂರನೇ ಸಾಲಿನಲ್ಲಿ ಕೂತ ನಮಗೆ. ಅಣ್ಣನಿಗೆ ಅದು ಹುಟ್ಟಿದಂದಿನಿಂದ ಗೊತ್ತು. ನಟ ಎಷ್ಟೇ ಒಳ್ಳೆಯವನಾದರೂ ಆ ಸಾಲಿಗೆ ಜೀವ ಬರುವುದಿಲ್ಲ. ಅದನ್ನೇ ಹೀಗೆ ಬರೆದರೆ:

“ಮಡೇನೂರು ಡ್ಯಾಮು ಕಾಣ್ತಾ ಇದ್ಯಂತೆ.”
“ಪೂರಾನಾ?”
“ಅರ್ಧ.”
“ಹಂಗಾರೆ ನಮ್ಮ ಅಂಗಳ ಇನ್ನೂ ನೀರೊಳಗೇ ಇದೆ.”

ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಬೇಸಿಗೆಯಲ್ಲಿ ಹಿನ್ನೀರು ಚೆನ್ನಾಗಿ ಇಳಿದ ವರ್ಷ, ಅದರೊಳಗೇ ಮುಳುಗಿರುವ ಹಳೆಯ ಮಡೇನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಇದು ಗೊತ್ತಿಲ್ಲದ ಬೆಂಗಳೂರಿನ ಪ್ರೇಕ್ಷಕನಿಗೂ ನಾಲ್ಕು ಸಾಲಿನಲ್ಲಿ ಸಾಕಷ್ಟು ತಿಳಿಯಿತು: ಇವರ ಮನೆ ನೀರಿನಡಿ ಇದೆ, ಇವರು ಪ್ರತಿ ವರ್ಷ ಮಟ್ಟ ನೋಡುತ್ತಾರೆ, ಇನ್ನೂ ಬಿಟ್ಟುಕೊಟ್ಟಿಲ್ಲ. ಇಸವಿ ಬೇಕಾಗಲೇ ಇಲ್ಲ. ಹೊಸ ನಾಟಕ ಓದುವಾಗ ಒಂದು ಪೆನ್ಸಿಲ್ ಹಿಡಿದು, ಪಾತ್ರಗಳಿಗೆ ಆಗಲೇ ಗೊತ್ತಿರುವ ಸಂಗತಿಯನ್ನು ಅವರೇ ಪರಸ್ಪರ ಹೇಳಿಕೊಳ್ಳುವ ಕಡೆಯೆಲ್ಲ ಗೆರೆ ಎಳೆಯಿರಿ. ಇಪ್ಪತ್ತು ನಿಮಿಷದ ನಾಟಕದಲ್ಲಿ ನಾಲ್ಕಕ್ಕಿಂತ ಹೆಚ್ಚು ಗೆರೆ ಬಿದ್ದರೆ ಅದಕ್ಕೆ ಇನ್ನೊಂದು ಕರಡು ಬೇಕು.

ಎರಡನೆಯದು, ಕೈಗೆ ಕೊಟ್ಟ ಕೆಲಸ. ಮಲೆನಾಡಿನ ನಾಟಕಕಾರರಿಗೆ ಅಡಿಕೆ ಸುಲಿಯುವ ರಾತ್ರಿಗಿಂತ ದೊಡ್ಡ ಉಡುಗೊರೆ ಇಲ್ಲ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತವರ ಕಣ್ಣು ಕತ್ತಿಯ ಮೇಲಿರುತ್ತದೆ, ಎದುರಿನವರ ಮುಖದ ಮೇಲಲ್ಲ. ಮುಖ ನೋಡಿ ಹೇಳಲಾಗದ ಮಾತು ಅಲ್ಲಿ ತಾನಾಗಿ ಹೊರಬರುತ್ತದೆ. ಕತ್ತಿ ನಿಂತ ಕ್ಷಣ ಯಾರೋ ನಿಜ ಹೇಳಿದರು ಎಂದರ್ಥ. ಬರಹಗಾರರು ಇದನ್ನು ರಂಗಸೂಚನೆಯಲ್ಲಿ ಇಟ್ಟಿದ್ದಾರೆಯೇ, ಇಲ್ಲ ಬರೀ ಅಲಂಕಾರಕ್ಕೆ ಒಂದು ಬುಟ್ಟಿ ಅಡಿಕೆ ತಂದಿದ್ದಾರೆಯೇ, ನೋಡಿ. ಹೊರದೇಶದಲ್ಲಿ ಆಡುವವರು ಹಸಿ ಅಡಿಕೆಯ ಬದಲು ನಿಂಬೆಹಣ್ಣು ಇಡುವ ಸಾಹಸ ಮಾಡಬೇಡಿ; ಕೊನೆಯ ಸಾಲಿನಿಂದಲೂ ಅದು ನಿಂಬೆಹಣ್ಣೇ. ಬುಟ್ಟಿಯೊಳಗೆ ಏನಿದೆಯೆಂದು ಕಾಣದಂತೆ ಇಟ್ಟು ಬರಿಗೈಯಲ್ಲಿ ಸುಲಿದಂತೆ ಆಡುವುದೇ ವಾಸಿ, ಆದರೆ ಎಲ್ಲರ ಕೈಯ ಲಯ ಒಂದೇ ಇರಬೇಕು. ಅದಕ್ಕೇ ಎರಡು ದಿನದ ತಾಲೀಮು ಹೋಗುತ್ತದೆ.

ಹೊಸಬರ ಬರವಣಿಗೆಯಲ್ಲಿ ಬಹಳ ಸಲ ಕಾಣುವ ದೋಷ ಬ್ಲ್ಯಾಕ್‌ಔಟ್, ಅಂದರೆ ದೃಶ್ಯ ಬದಲಿಸಲು ದೀಪ ಆರಿಸುವುದು. ಸಿನಿಮಾ, ಧಾರಾವಾಹಿ ನೋಡಿ ಬೆಳೆದ ಕಣ್ಣು ದೃಶ್ಯಗಳಲ್ಲಿ ಯೋಚಿಸುತ್ತದೆ: ಅಡುಗೆಮನೆ, ಬಸ್‌ಸ್ಟ್ಯಾಂಡು, ಆಸ್ಪತ್ರೆ, ಮತ್ತೆ ಅಡುಗೆಮನೆ. ಒಂದು ಬ್ಲ್ಯಾಕ್‌ಔಟ್‌ಗೆ ಕಡಿಮೆಯೆಂದರೂ 20 ಸೆಕೆಂಡು. ಆರು ಬಂದರೆ ಎರಡು ನಿಮಿಷ ಕತ್ತಲೆಯಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಾ ಕೂರಬೇಕು. ಅದಕ್ಕಿಂತ ಕೆಟ್ಟದ್ದು, ಪ್ರತಿ ಸಲವೂ ಬಿಸಿ ಆರಿಹೋಗುತ್ತದೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕತೆಯನ್ನು ಹಿಡಿದಿಟ್ಟವರು ಕಷ್ಟದ ಕೆಲಸ ಮಾಡಿದ್ದಾರೆ ಎಂದು ತಿಳಿಯಿರಿ.

ಕೊನೆ ಹೇಗಾಯಿತು ಎನ್ನುವುದು ಬೇರೆಯೇ ವಿಚಾರ. ನಟನೊಬ್ಬ ಮುಂದೆ ಬಂದು ಸಭಿಕರಿಗೆ ಬುದ್ಧಿ ಹೇಳಿದರೆ ನಾಟಕಕಾರರಿಗೆ ತಮ್ಮ ನಾಟಕದ ಮೇಲೇ ನಂಬಿಕೆಯಿಲ್ಲ.

ಇನ್ನು ಭಾಷೆ. ಸಂಘದ ವೇದಿಕೆಗಳಲ್ಲಿ “ಎಂತ ಮಾರಾಯ್ರೆ” ಅಂದ ಕೂಡಲೇ ನಗು ಬೀಳುತ್ತದೆ. ಆ ನಗು ನಟನಿಗೆ ರುಚಿ ಹತ್ತಿದರೆ ನಾಟಕ ಕೆಟ್ಟಿತು, ಏಕೆಂದರೆ ತೀರ್ಥಹಳ್ಳಿಯವರು ಸಾವಿನ ಮನೆಯಲ್ಲೂ ಅದೇ ಭಾಷೆಯಲ್ಲಿ ಮಾತಾಡುತ್ತಾರೆ. ಮಲೆನಾಡಿನ ಮಾತು ಎಂದರೆ ಒಂದೇ ಅಲ್ಲ ಎನ್ನುವುದನ್ನೂ ಗಮನಿಸಿ. ಹವ್ಯಕರ ಮನೆಯ ಕನ್ನಡ, ದೀವರ ಕೇರಿಯ ಕನ್ನಡ, ಶಿವಮೊಗ್ಗ ಪೇಟೆಯ ಕನ್ನಡ ಬೇರೆಬೇರೆ. ಇವನ್ನು ಕಲಸಿ ಒಂದು ‘ಹಳ್ಳಿ ಭಾಷೆ’ ಮಾಡಿದ ನಾಟಕವನ್ನು ಅಲ್ಲಿಯ ಪ್ರೇಕ್ಷಕರು ಕ್ಷಮಿಸುವುದಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಪಾತ್ರ ಕೊಡುವಾಗ ಆ ಉಚ್ಚಾರವನ್ನು ಅಣಕದಂತೆ ಕಲಿಸುವುದಕ್ಕಿಂತ, ಪಾತ್ರವನ್ನೇ ಪರದೇಶದಿಂದ ರಜೆಗೆ ಬಂದ ಮೊಮ್ಮಗಳೆಂದು ಮಾಡಿಕೊಡಬಹುದೇ ಎಂದು ನಾಟಕಕಾರರನ್ನೇ ಕೇಳಿ. ಬಹುತೇಕ ಅವರಿಗೂ ಆಸಕ್ತಿ ಇರುತ್ತದೆ.

ಊರಿಗೆ ಹೋದವರು ಹೆಗ್ಗೋಡಿಗೊಮ್ಮೆ ಹೋಗಿ. 1949ರಲ್ಲಿ ಹುಟ್ಟಿದ ನಾಟಕಸಂಸ್ಥೆ ನೀನಾಸಮ್ ಅಲ್ಲಿ ಸಾಗರದ ಪಕ್ಕದ ಹಳ್ಳಿಯೊಂದನ್ನು ರಂಗಭೂಮಿಯ ಊರನ್ನಾಗಿ ಮಾಡಿದ್ದು, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತಿರುವುದೇ. 1985ರಿಂದ ನಡೆಯುತ್ತಿರುವ ನೀನಾಸಮ್‌ನ ಸಂಚಾರಿ ತಂಡ ‘ತಿರುಗಾಟ’ ಮಳೆ ಕಳೆದ ಮೇಲೆ ಊರೂರು ಸುತ್ತುತ್ತದೆ. ಅದರಲ್ಲಿ ಹೆಚ್ಚಿನವು ದೊಡ್ಡ ನಾಟಕಗಳೇ, ಆದರೂ ಕಿರುನಾಟಕ ಆಡುವವರು ಅವರ ಸಾಮಾನು ನೋಡಿ ಕಲಿಯಬೇಕು. ದಿನಕ್ಕೊಂದು ಊರಿನಲ್ಲಿ ಕಟ್ಟಿ, ರಾತ್ರಿಯೇ ಬಿಚ್ಚಿ, ಗಾಡಿಗೆ ಏರಿಸುವಂಥದ್ದು ಅದು. ಒಂದೇ ಪೆಟ್ಟಿಗೆ ಮಂಚವೂ ಆಗುತ್ತದೆ, ಕಟ್ಟೆಯೂ ಆಗುತ್ತದೆ. ಶಿವಮೊಗ್ಗ ಪೇಟೆಯಲ್ಲೇ ಇರುವವರಿಗೆ ಅಲ್ಲಿಯ ಸರ್ಕಾರಿ ನಾಟಕಸಂಸ್ಥೆ ರಂಗಾಯಣವಿದೆ, ಕುವೆಂಪು ರಂಗಮಂದಿರವಿದೆ. ಜುಲೈನಲ್ಲಿ ಹೋದವರಿಗೆ ಈ ಭಾಗ್ಯ ಕಡಿಮೆ. ತಗಡಿನ ಮಾಡಿನ ಮೇಲೆ ಮಲೆನಾಡಿನ ಮಳೆ ಬಿದ್ದರೆ ಯಾವ ನಟನ ಪಿಸುಮಾತೂ ಉಳಿಯುವುದಿಲ್ಲ.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಹೆಗ್ಗೋಡಿನ ಸಂಸ್ಕೃತಿ ಶಿಬಿರದ ಪದ್ಧತಿ. ಅಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಕೂತು ಮಾತಾಡುತ್ತಾರೆ. ಆಡಿದವರ ಮುಂದೆಯೇ. ನಮ್ಮ ಸಂಘಗಳಲ್ಲಿ ನಾಟಕದ ನಂತರ ಬರುವುದು ನೆನಪಿನ ಕಾಣಿಕೆ.

ಇಲ್ಲಿ ಆಡುವವರಿಗೆ ಕೆಲವು ಲೆಕ್ಕ. ಕೈಬರಹದ ಪುಟ ಎಣಿಸಿ ನಾಟಕದ ಅವಧಿ ಹೇಳಬೇಡಿ. ಪಾತ್ರ ಹಂಚಿ, ಕೂತು, ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಚಲನೆ, ಮೌನ, ನಗು ಸೇರಿದ ಮೇಲೆ ಅದಕ್ಕೆ ಕಾಲು ಭಾಗ ಕೂಡುತ್ತದೆ. 20 ನಿಮಿಷದ ನಾಟಕಕ್ಕೆ ಸುಮಾರು 20 ಗಂಟೆ ತಾಲೀಮು ಎಂದು ಹಿಡಿಯಿರಿ, ಅದರ ಅರ್ಧ ಮುಗಿಯುವಷ್ಟರಲ್ಲಿ ಮಾತು ಬಾಯಿಪಾಠ ಆಗಿರಬೇಕು. ಪುಸ್ತಕ ಕೈಯಲ್ಲಿದ್ದಷ್ಟು ದಿನ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ, ತಮ್ಮ ಸರದಿ ಕಾಯುತ್ತಾರೆ. ಬೆಳಕಿನ ಆಸೆ ಬೇಡ: ಊರಿನ ಶಾಲೆಯಲ್ಲಿ ಆಡಿದರೆ 1000 ವ್ಯಾಟಿನ ಹ್ಯಾಲೊಜನ್ ದೀಪ ಒಂದಕ್ಕೆ ನಾಲ್ಕು ಆಂಪಿಯರಿಗೂ ಮೇಲೆ ಬೇಕು, 15 ಆಂಪಿಯರಿನ ಸಾಕೆಟ್ಟಿಗೆ ಮೂರು ಹಾಕಬಹುದು, ನಾಲ್ಕನೆಯದಕ್ಕೆ ಫ್ಯೂಸ್ ಹೋಗುತ್ತದೆ. ಟ್ಯೂಬ್‌ಲೈಟಿನಲ್ಲೂ ನಿಲ್ಲುವ ನಾಟಕವನ್ನೇ ಆರಿಸಿ. ಕಾಲರ್ ಮೈಕು ಅಪ್ಪಿಕೊಂಡಾಗ, ಸೆರಗು ತಾಗಿದಾಗ ಕರಕರ ಎನ್ನುತ್ತದೆ. 150 ಜನರ ಸಭಾಂಗಣಕ್ಕೆ ಮೈಕಿಲ್ಲದ ಗಂಟಲು ಸಾಕು, ಮಕ್ಕಳನ್ನು ಸುಮ್ಮನಿರಿಸಿದರೆ.

ಬರೆದವರ ಅನುಮತಿಯನ್ನು ಮೊದಲೇ ಪಡೆಯಿರಿ. ಭಾರತದ ಕಾನೂನಿನಲ್ಲಿ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. 1946ರಲ್ಲಿ ಹೋದ ಕೈಲಾಸಂ ಅವರದ್ದು ಮುಗಿದಿದೆ, ಈಗ ಬರೆಯುತ್ತಿರುವವರದ್ದಲ್ಲ. ಸಂಭಾವನೆ ಎಷ್ಟೆಂದು ನೀವೇ ಕೇಳಿ, ಅವರಾಗಿ ಕೇಳಲು ಸಂಕೋಚಪಡುತ್ತಾರೆ. ಮಾತು ಕತ್ತರಿಸುವುದಿದ್ದರೆ ಅದನ್ನೂ ಹೇಳಿ.

ಮುಂದಿನ ಯುಗಾದಿಯ ಪಟ್ಟಿ ಮಾಡುವ ಸಮಿತಿಗೆ ಒಂದು ಕೋರಿಕೆ. ನಾಟಕಕ್ಕೆ 20 ನಿಮಿಷ, ಅದರ ಬೆನ್ನಿಗೇ ಮಾತುಕತೆಗೆ 15 ನಿಮಿಷ ಇಡಿ, ಪಟ್ಟಿಯಲ್ಲಿ ಬರೆದವರ ಹೆಸರು ಹಾಕಿ. ಎರಡೂ ಊಟಕ್ಕೆ ಮುಂಚೆ ಆಗಲಿ. ಬಿಸಿಬೇಳೆಬಾತಿನ ಮುಚ್ಚಳ ಒಮ್ಮೆ ತೆಗೆದ ಮೇಲೆ ಮಡೇನೂರಿನ ನೀರು ಎಷ್ಟು ಇಳಿಯಿತೆಂದು ಯಾರೂ ಕೇಳುವುದಿಲ್ಲ.