ಶನಿವಾರ ಹೆಡರ್ನ್‌ಹೈಮ್‌ಗೆ ಬರೋರು ಇದನ್ನ ಓದ್ಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ, ಶನಿವಾರ ಫ್ರಾಂಕ್‌ಫರ್ಟ್‌ನ ಹೆಡರ್ನ್‌ಹೈಮ್‌ಗೆ ಹೋಗೋದು ಪಕ್ಕಾ. ಬೆಳಿಗ್ಗೆ 10ಕ್ಕೆ ರೋಮರ್‌ಸ್ಟಾಟ್ ಯು-ಬಾನ್ ಸ್ಟೇಷನ್ ಹತ್ರ ಸೇರೋಣ.

ಅಲ್ಲಿ ಈಗಿನ ಮನೆಗಳ ಕೆಳಗೆ ನಿಡಾ ಅನ್ನೋ ರೋಮನ್ ಪಟ್ಟಣ ಇತ್ತು, ಮೊದಲು ಸೈನ್ಯದ ಕೋಟೆ, ಕ್ರಿ.ಶ. 110ರ ಹೊತ್ತಿಗೆ ಸೈನಿಕರು ಹೊರಟ್ಮೇಲೆ ಸುತ್ತಲ ಸೀಮೆಗೆಲ್ಲ ಇದೇ ಮುಖ್ಯ ಊರಾಯ್ತು, ಸ್ನಾನಗೃಹ, ಮಿತ್ರಾಸ್ ದೇವರ ಗುಡಿಗಳು ಎಲ್ಲಾ ಇದ್ವು, 3ನೇ ಶತಮಾನದಲ್ಲಿ ಜನ ಬಿಟ್ಟುಹೋದ್ರು. ನಂಗೆ ತುಂಬಾ ಬೇಜಾರಾಗೋದು ಅಂದ್ರೆ 1960ರ ದಶಕದಲ್ಲಿ ಪಕ್ಕದ ನಾರ್ಡ್‌ವೆಸ್ಟ್‌ಸ್ಟಾಟ್ ಬಡಾವಣೆ ಕಟ್ಟುವಾಗ ಎಷ್ಟೋ ಅವಶೇಷ ಸರಿಯಾಗಿ ಅಗೆದು ನೋಡೋಕೆ ಮುಂಚೆನೇ ಹಾಳಾಗಿದ್ದು.

ಆದ್ರೂ 2018ರಲ್ಲಿ ನಿಡಾದ ಒಂದು ಸಮಾಧಿಲಿ, ಅಸ್ಥಿಪಂಜರದ ಗದ್ದದ ಕೆಳಗೆ, ಬರೀ 3.5 ಸೆಂಟಿಮೀಟರ್‌ನ ಬೆಳ್ಳಿ ತಾಯತ ಸಿಕ್ತು! ಒಳಗೆ ಸುರುಳಿ ಸುತ್ತಿದ ತೆಳು ಬೆಳ್ಳಿ ತಗಡು, ಕೈಯಲ್ಲಿ ಬಿಚ್ಚಿದ್ರೆ ಪುಡಿಯಾಗ್ತಿತ್ತು, ಹಾಗಾಗಿ ಸಿಟಿ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲೇ ಬಿಡಿಸಿ 18 ಸಾಲು ಲ್ಯಾಟಿನ್ ಓದಿದ್ರು, ಅದ್ರಲ್ಲಿ ಯೇಸು ಕ್ರಿಸ್ತನ ಹೆಸರಿದೆ. 230ರಿಂದ 270ರ ನಡುವಿನದು, ಆಲ್ಪ್ಸ್‌ನ ಉತ್ತರಕ್ಕೆ ಸಿಕ್ಕ ಕ್ರೈಸ್ತ ಧರ್ಮದ ಅತಿ ಹಳೇ ಪುರಾವೆ ಅಂತ 2024ರ ಡಿಸೆಂಬರ್‌ನಲ್ಲಿ ಹೇಳಿದ್ರು. ಓದಿದಾಗ ಮೈ ಜುಮ್ ಅಂತು ನಂಗೆ.

ಆರ್ಕಿಟೆಕ್ಟ್ ಎರ್ನ್ಸ್ಟ್ ಮೇ 1927-28ರಲ್ಲಿ ಕಟ್ಟಿಸಿದ ರೋಮರ್‌ಸ್ಟಾಟ್ ಮನೆಗಳನ್ನೂ ನೋಡೋಣ, ಇವತ್ತಿನ ಮಾಡ್ಯುಲರ್ ಕಿಚನ್‌ಗೆ ದಾರಿ ಹಾಕಿದ ಫ್ರಾಂಕ್‌ಫರ್ಟ್ ಅಡುಗೆಮನೆ ಅಲ್ಲಿದೆ. ಬರೋರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ, ಮಕ್ಕಳನ್ನೂ ಕರ್ಕೊಂಡು ಬನ್ನಿ.