ಭಾನುವಾರದ ಚಿತ್ರಪ್ರದರ್ಶನ: ಬುಂತಾ ಸುಗವಾರ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 5 ಗಂಟೆಗೆ ಎಂದಿನ ಸಭಾಂಗಣದಲ್ಲಿ ಜಪಾನಿನ ನಟ, ಕಂಠದಾನ ಕಲಾವಿದ ಬುಂತಾ ಸುಗವಾರ (1933–2014) ಅವರ ಕುರಿತು ಕಿರುಪರಿಚಯವಿದ್ದು, ಬಳಿಕ 2001ರ ಜಪಾನಿ ಅನಿಮೇಷನ್ ಚಿತ್ರ ‘ಸ್ಪಿರಿಟೆಡ್ ಅವೇ’ಯ ಪ್ರದರ್ಶನವಿರುತ್ತದೆ.

ಸೆಂಡೈನಲ್ಲಿ ಹುಟ್ಟಿ, ಮಾಡೆಲ್ ಆಗಿದ್ದು ಚಿತ್ರರಂಗಕ್ಕೆ ಬಂದ ಇವರು, 1973ರಲ್ಲಿ ಕಿಂಜಿ ಫುಕಾಸಾಕು ನಿರ್ದೇಶಿಸಿದ ‘ಬ್ಯಾಟಲ್ಸ್ ವಿದೌಟ್ ಹಾನರ್ ಅಂಡ್ ಹ್ಯುಮ್ಯಾನಿಟಿ’ಯ ಯಾಕುಜಾ (ಜಪಾನಿನ ಭೂಗತ ಪಾತಕಿ) ಪಾತ್ರದಿಂದ ಮನೆಮಾತಾದರು. ಅದೇ ಒರಟು ದನಿಯೇ, ‘ಸ್ಪಿರಿಟೆಡ್ ಅವೇ’ಯಲ್ಲಿ ಆರು ಕೈಗಳಲ್ಲಿ ಗಿಡಮೂಲಿಕೆ ಅರೆಯುತ್ತ ಸ್ನಾನಗೃಹದ ಬಾಯ್ಲರ್ ಕಾಯುವ ಮುದುಕ ಕಾಮಾಜಿಗೆ ಜೀವ ತುಂಬಿದೆ. ಗದರಿಕೆಯೊಳಗಿನ ಅಕ್ಕರೆಯನ್ನು ಗಮನಿಸಿ ಕೇಳಿರಿ. 2012ರ ಅನಿಮೇಷನ್ ಚಿತ್ರ ‘ವುಲ್ಫ್ ಚಿಲ್ಡ್ರನ್’ನಲ್ಲಿ ಬೇಸಾಯ ಕಲಿಸುವ ಸಿಡುಕು ಅಜ್ಜನಿಗೆ ದನಿಯಾದಾಗ, ಅವರು ಸ್ವತಃ ಯಾಮಾನಾಶಿಯಲ್ಲಿ ಸಾವಯವ ಕೃಷಿಕರಾಗಿದ್ದರು (ಪಾತ್ರಕ್ಕೆ ಇದಕ್ಕಿಂತ ತಯಾರಿ ಬೇಕೆ!).

ಡಬ್ಬಿಂಗ್ ಆವೃತ್ತಿಯಲ್ಲಿ ಅವರ ದನಿ ಇರುವುದಿಲ್ಲವಾದ್ದರಿಂದ, ಚಿತ್ರವನ್ನು ಮೂಲ ಜಪಾನಿ ಭಾಷೆಯಲ್ಲಿಯೇ ಇಂಗ್ಲಿಷ್ ಅಡಿಬರಹದೊಂದಿಗೆ ತೋರಿಸಲಾಗುವುದು. ಅಡಿಬರಹ ಓದಲಾಗದ ಪುಟ್ಟ ಮಕ್ಕಳನ್ನು ಕರೆತರುವವರು ಅವರಿಗೆ ಕಥೆಯನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು. ಪರಿಚಯದ ಮಾತು ತಪ್ಪದಂತೆ 10 ನಿಮಿಷ ಮುಂಚಿತವಾಗಿ ಬನ್ನಿ.

ಕುರ್ಚಿಗಳ ವ್ಯವಸ್ಥೆಗಾಗಿ, ಎಷ್ಟು ಜನ ಬರುತ್ತೀರೆಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಪ್ರೊಜೆಕ್ಟರ್ ಜೋಡಿಸಲು ಇಬ್ಬರ ನೆರವು ಬೇಕಾಗಿದೆ. 4 ಗಂಟೆಗೇ ಬರಬಲ್ಲವರು ದಯವಿಟ್ಟು ಹೆಸರು ಕೊಡಿ.